ಬಿಡುಗಡೆಯಾದ ಮೇಲೆ ಎಲ್ಲಿಗೆ?

ಮನುಷ್ಯರನ್ನು ಸರಕಿನಂತೆ ಮಾರುವುದನ್ನೂ ಬಲಾತ್ಕಾರದ ದುಡಿಮೆಯನ್ನೂ ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದೆಯೆಂಬುದನ್ನು ಪೌರನೀತಿಯ ಪಾಠದಲ್ಲಿ ನೀವು ಓದಿರುವಿರಿ. ಪೋಲೀಸರು ಕಾರಖಾನೆಯ ಬಾಗಿಲು ತೆರೆಸಿ ಹುಡುಗರನ್ನು ಬಿಡಿಸಿದರೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಆಗಾಗ ಕಾಣುತ್ತೇವೆ. ಆ ರಾತ್ರಿ ಅವರು ಎಲ್ಲಿ ಮಲಗಿದರೆಂಬುದನ್ನು ಬರೆಯುವವರು ವಿರಳ.

2015ರ ಬಾಲನ್ಯಾಯ ಕಾಯಿದೆಯಂತೆ, ಹಾಗೆ ದೊರೆತ ಮಗುವನ್ನು ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯು ಮನೆಯ ಸ್ಥಿತಿಗತಿಯನ್ನು ವಿಚಾರಿಸುವವರೆಗೆ ಮಗುವನ್ನು ಬಾಲಗೃಹದಲ್ಲಿರಿಸಬಹುದು. ನಮ್ಮ ಮುಂಬಯಿಯ ಮಾನಖುರ್ದದಲ್ಲಿ ಅಂತಹ ಗೃಹಗಳಿವೆ. ಹೆತ್ತವರ ಬಳಿಗೆ ಒಡನೆಯೇ ಏಕೆ ಕಳುಹಬಾರದೆಂದು ನೀವು ಕೇಳಬಹುದು. ಮುಂಗಡ ಪಡೆದು ಮಗನನ್ನು ಕಳುಹಿದವರು ಅವರೇ ಆಗಿದ್ದರೆ, ಹುಡುಗನು ತಿಂಗಳೊಳಗೆ ಮರಳಿ ದಲ್ಲಾಳಿಯ ಕೈಸೇರುವನು.

ಸ್ತ್ರೀಯರಿಗಾಗಿ 2007ರಲ್ಲಿ ಕೇಂದ್ರ ಸರಕಾರವು ‘ಉಜ್ವಲಾ’ ಯೋಜನೆಯನ್ನು ಆರಂಭಿಸಿತು. 2022ರಲ್ಲಿ ಅದನ್ನು ‘ಸ್ವಾಧಾರ ಗೃಹ’ದೊಡನೆ ಕೂಡಿಸಿ ‘ಶಕ್ತಿ ಸದನ’ವೆಂದು ಕರೆಯಲಾಯಿತು. ಅಲ್ಲಿ ಅನ್ನ, ವಸ್ತ್ರ, ಔಷಧಗಳಲ್ಲದೆ ಕಾನೂನಿನ ನೆರವೂ ಕಸುಬಿನ ಶಿಕ್ಷಣವೂ ದೊರೆಯಬೇಕೆಂಬುದು ನಿಯಮ. ಆದರೆ ಹೊರಗಿನಿಂದ ಬೀಗ ಹಾಕಿದ ಮನೆಯನ್ನು ಆಶ್ರಯವೆನ್ನಲು ನಮಗೆ ಮನಸ್ಸಾಗದು. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆಯ ರಕ್ಷಣಾಗೃಹಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಇರಿಸಿಕೊಂಡ ವಯಸ್ಕ ಸ್ತ್ರೀಯರ ವಿಷಯವನ್ನು ಪರಿಶೀಲಿಸಿ, ಅವರ ಬಿಡುಗಡೆಗೆ ಕ್ರಮ ಕೈಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2022ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ಜೀತದಾಳುಗಳ ಸಂಗತಿ ಬೇರೆ. 1976ರ ಕಾಯಿದೆಯಿಂದ ಜೀತದ ಸಾಲವೆಲ್ಲ ತಾನೇ ರದ್ದಾಯಿತು. ಅಷ್ಟೇ ಅಲ್ಲ, ಬಿಡುಗಡೆ ಹೊಂದಿದವನು ವಾಸಿಸುತ್ತಿದ್ದ ಗುಡಿಸಲಿನಿಂದ ಧಣಿಯು ಅವನನ್ನು ಹೊರದೂಡುವಂತಿಲ್ಲ. ಕಾಯಿದೆಯನ್ನು ರಚಿಸಿದವರು ಬಹು ದೂರ ಯೋಚಿಸಿದ್ದರು. ಬೀದಿಗೆ ಬಿದ್ದವನಿಗೆ ಧಣಿಯ ಹೊಸ್ತಿಲೇ ಗತಿಯಾಗುವುದೆಂದು ಅವರು ಅರಿತಿದ್ದರು. 2016ರ ಯೋಜನೆಯಂತೆ ಪುರುಷನಿಗೆ 1 ಲಕ್ಷ, ಸ್ತ್ರೀಯರಿಗೂ ಮಕ್ಕಳಿಗೂ 2 ಲಕ್ಷ, ಮಾನವ ಸಾಗಣೆಯಂತಹ ಘೋರ ಪ್ರಸಂಗಗಳಲ್ಲಿ 3 ಲಕ್ಷ ರೂಪಾಯಿಗಳ ಸಹಾಯ ಉಂಟು. ತಕ್ಷಣದ ಖರ್ಚಿಗಾಗಿ ಸ್ವಲ್ಪ ಹಣವನ್ನು ಮೊದಲೇ ಕೊಡುವರು. ಉಳಿದುದನ್ನು ಬಹುಮಟ್ಟಿಗೆ ಅಪರಾಧಿಗೆ ಶಿಕ್ಷೆಯಾಗುವುದರೊಡನೆ ಗಂಟುಹಾಕಿದ್ದಾರೆ. ನ್ಯಾಯಾಲಯದ ಮೊಕದ್ದಮೆಗಳು ವರ್ಷಗಟ್ಟಲೆ ನಡೆಯುವ ನಾಡಿನಲ್ಲಿ ಇದು ನ್ಯಾಯವೆಂದು ನಮಗೆ ತೋರದು. ಅಧಿಕಾರಿಯು ಬಿಡುಗಡೆಯ ಪ್ರಮಾಣಪತ್ರವನ್ನು ಬರೆದುಕೊಡದಿದ್ದರಂತೂ ಈ ಮೊತ್ತಗಳೆಲ್ಲ ಕಾಗದದಲ್ಲಿಯೇ ಉಳಿಯುವುವು.

ಊರಿನಿಂದ ಕೆಲಸಕ್ಕೆಂದು ಕರೆತಂದ ನಿಮ್ಮ ವಯಸ್ಸಿನ ಹುಡುಗನೊಬ್ಬನು ನಿಮ್ಮ ಕೇರಿಯಲ್ಲಿಯೇ ಇರಬಹುದು. ಸಂಬಳ ಕಾಣದೆ, ಹೊರಗೆ ಹೋಗಲಾರದೆ ಅವನಿದ್ದರೆ, ಮೊದಲು ನಿಮ್ಮ ಮನೆಯ ಹಿರಿಯರಿಗೋ ಗುರುಗಳಿಗೋ ತಿಳಿಸಿರಿ. 1098 ಎಂಬ ದೂರವಾಣಿ ಸಂಖ್ಯೆಗೆ ಹಣ ತೆರಬೇಕಾಗಿಲ್ಲ. ಆ ಸೇವೆಯು ಮೊದಲಾದುದು 1996ರಲ್ಲಿ, ಇದೇ ಮುಂಬಯಿಯಲ್ಲಿ.