ನಾಲ್ಕು ತಿಂಗಳು ನಿಂತ ಕಾರು

ಪಾಶ್ಚಾತ್ಯ ದೇಶಗಳಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಕಾರನ್ನು ಮುಚ್ಚಿಟ್ಟು ವಸಂತದಲ್ಲಿ ಹೊರತೆಗೆಯುವ ವಾಡಿಕೆಯುಂಟು. ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮಗೆ ಹಿಮದ ಕಾಟವಿಲ್ಲ. ನಮ್ಮ ಕಾರುಗಳು ನಿದ್ದೆ ಹೋಗುವುದು ಮಳೆಗಾಲದಲ್ಲಿ. ಮನೆಯವರು ಊರಿಗೆ ಹೋದರೆಂದರೆ ಕಾರು ಕಟ್ಟಡದ ಕೆಳಗೆ ತೇವ ಕುಡಿಯುತ್ತ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೀಳುವ ಮಳೆ 2,000 ಮಿಲಿಮೀಟರನ್ನು ಸುಲಭವಾಗಿ ದಾಟುತ್ತದೆ.

ತಂದೆಯವರ ಕಾಯಿಲೆಯ ನಿಮಿತ್ತ ಒಂದು ವರ್ಷ ನಾವು ನಾಲ್ಕು ತಿಂಗಳು ಧಾರವಾಡದಲ್ಲೇ ಉಳಿಯಬೇಕಾಯಿತು. ಡೊಂಬಿವಲಿಗೆ ಮರಳಿದ ಮೂರನೆಯ ರಾತ್ರಿ ಅತ್ತೆಯವರಿಗೆ ಎದೆನೋವು. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. ಟಿಕ್ ಟಿಕ್ ಎಂದಿತೇ ಹೊರತು ಎಂಜಿನ್ ಅಲುಗಲಿಲ್ಲ. ಕಡೆಗೆ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು. ದೇವರ ದಯೆಯಿಂದ ಅತ್ತೆ ಚೇತರಿಸಿಕೊಂಡರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಮರುದಿನವೇ ಹೊಸ ಬ್ಯಾಟರಿ ತಂದು ಹಾಕಿಸಿದೆ. ಈಗ ಸ್ಟಾರ್ಟರು ಗರಗರನೆ ತಿರುಗಿತು, ಆದರೆ ಎಂಜಿನ್ ಹತ್ತಿಕೊಳ್ಳಲಿಲ್ಲ!

ಕಲಬುರಗಿ ಕಡೆಯ ಮಿಸ್ತ್ರಿಯೊಬ್ಬನನ್ನು ಕರೆತಂದೆ. ಅವನು ಪಾನಾಕ್ಕೆ ಕೈ ಹಾಕಲಿಲ್ಲ. ಕೀಲಿಯನ್ನು ಅರ್ಧ ತಿರುಗಿಸಿ, ಹಿಂದಿನ ಸೀಟಿನ ಹತ್ತಿರ ಕಿವಿಗೊಟ್ಟು ಕುಳಿತ. ಪೆಟ್ರೋಲು ಪಂಪು ಎರಡು ಸೆಕೆಂಡು ಗುಂಯ್ ಎನ್ನಬೇಕಂತೆ, ಸದ್ದಿಲ್ಲ. ಫ್ಯೂಸು ಸರಿಯಿತ್ತು. ತಂತಿಯ ಜಾಡು ಹಿಡಿದು ಹೋದವನು ನಕ್ಕ.

“ಸಾಹೇಬ್ರ, ಬ್ಯಾಟರಿ ಮ್ಯಾಲ ಯಾಕ ಸಿಟ್ಟು ಮಾಡೀರಿ? ಇಲ್ಲಿ ಇಲಿ ಸಂಸಾರ ಹೂಡ್ಯದ ನೋಡ್ರಿ.”

ತಂತಿ ಕಡಿದಿತ್ತು, ಏರ್ ಫಿಲ್ಟರಿನೊಳಗೆ ಚಿಂದಿಯ ಗೂಡು. ಹಳೆಯ ಬ್ಯಾಟರಿ ಇಳಿದಿದ್ದು ನಿಜ. ಆದರೆ ಒಂದು ರಾತ್ರಿ ಚಾರ್ಜು ಮಾಡಿದ ಮೇಲೆ ಮರುದಿನವೂ 12.6 ವೋಲ್ಟು ತೋರಿಸಿತು. ಅಂದರೆ ಅದು ಸತ್ತಿರಲಿಲ್ಲ, ಹಸಿದಿತ್ತು. ಕಾರು ನಿಂತಿದ್ದರೂ ಗಡಿಯಾರ, ಅಲಾರಂ, ಕಂಪ್ಯೂಟರುಗಳು ಕರೆಂಟು ಹೀರುತ್ತಲೇ ಇರುತ್ತವಲ್ಲ! ಹೊಸ ಬ್ಯಾಟರಿಯ ದುಡ್ಡು ದಂಡವಾಯಿತು.

ಮಿಸ್ತ್ರಿ ಹೇಳಿಕೊಟ್ಟದ್ದು ಇಷ್ಟು. ಟಿಕ್ ಟಿಕ್ ಎಂದರೆ ಮೊದಲು ಬ್ಯಾಟರಿಯನ್ನೂ ಅದರ ತುದಿಗಳನ್ನೂ ನೋಡಬೇಕು. ಅಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರಸಿ, ವ್ಯಾಸಲೀನು ಸವರಬೇಕು. ಸ್ಟಾರ್ಟರು ಚುರುಕಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ಬಿಟ್ಟು ಪೆಟ್ರೋಲನ್ನೂ ಕಿಡಿಯನ್ನೂ ವಿಚಾರಿಸಬೇಕು. ಹತ್ತಿಯೂ ನಡುಗಿದರೆ ಪ್ಲಗ್ಗು, ಕಾಯಿಲ್‌ಗಳಿಗೆ ತೇವ ಹಿಡಿದಿರಬಹುದು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರಸಿದರೆ ಎಷ್ಟೋ ಸಲ ಗಾಡಿ ಹೊರಡುತ್ತಿತ್ತು. ಈಗಿನ ಕಾರುಗಳಲ್ಲಿ ಆ ಮುಚ್ಚಳವೇ ಇಲ್ಲ.

ಪೆಟ್ರೋಲಿನದೂ ಒಂದು ಹೊಸ ತಕರಾರು. ಈಗ ಅದರಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಟಾಕಿಯ ತಳಕ್ಕಿಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಆದ್ದರಿಂದ ಊರಿಗೆ ಹೊರಡುವ ಮುಂಚೆ ಟಾಕಿ ತುಂಬಿಸಿಡುವುದು ಮೇಲು. ಒಳಗೆ ಗಾಳಿಗೆ ಎಡೆ ಕಡಿಮೆ.

ಇನ್ನೊಂದು ಮಾತು ಮರೆಯಬಾರದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು; ಕಲ್ಯಾಣ, ಡೊಂಬಿವಲಿಗಳ ತಗ್ಗು ಪ್ರದೇಶಗಳೂ ಮುಳುಗಿದವು. ಎಂಜಿನ್ನಿನ ಮಟ್ಟಕ್ಕೆ ನೀರು ಏರಿದ್ದ ಕಾರಿನ ಕೀಲಿಯನ್ನು ಮುಟ್ಟಲೇಬಾರದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಒಳಗಿನ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಅಂಥ ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಸರಿ.

ಇಲಿಗೆ ತಂಬಾಕು ಕಟ್ಟಿಡಿ ಎಂದು ಹಲವರು ಹೇಳುತ್ತಾರೆ. ನಮ್ಮ ಕಟ್ಟಡದ ಇಲಿಗಳು ಅದಕ್ಕೆ ಅಂಜಿದ್ದನ್ನು ನಾನಂತೂ ಕಂಡಿಲ್ಲ. ಈಗ ಊರಿಗೆ ಹೊರಟಾಗ ಕೀಲಿಯನ್ನು ನೆರೆಮನೆಯ ರಾಯರ ಕೈಗೆ ಕೊಡುತ್ತೇನೆ. ನಿಂತಲ್ಲೇ ಐದು ನಿಮಿಷ ಗುರುಗುಟ್ಟಿಸಿದರೆ ಬ್ಯಾಟರಿ ತುಂಬದು. ಅವರು ಪ್ರತಿ ರವಿವಾರ ಶಿಳಫಾಟಾದವರೆಗೆ ಹೋಗಿ ಬರುತ್ತಾರೆ. ದಾರಿಯಲ್ಲಿ ತರಕಾರಿಯನ್ನೂ ತರುತ್ತಾರಂತೆ. ಪೆಟ್ರೋಲು ನನ್ನದು, ತರಕಾರಿ ಅವರದು.