ಹಿಮ್ಮೇಳವನ್ನು ನಂಬಿದ ಕವಿ

ಸ್ವರಲಿಪಿಯಲ್ಲಿ ಬರೆದಿಡದ ಸಂಗೀತಕ್ಕೆ ರಚನಕಾರನೆಂಬವನು ಉಂಟೇ ಎಂದು ಶಾಸ್ತ್ರಜ್ಞರು ಕೇಳಬಹುದು. ಆದರೆ ಶ್ರಾವಣ ಸೋಮವಾರದ ರಾತ್ರಿ ಜಮಖಂಡಿ ಸೀಮೆಯ ಸಾವಳಗಿಯಂತಹ ಊರಿನಲ್ಲಿ, ಕಬ್ಬಿಗೆ ನೀರು ಹಾಯಿಸಿ ಬಂದವರೂ ಅಂಗಡಿಯ ಬಾಗಿಲು ಹಾಕಿ ಬಂದವರೂ ಪೇಟಿ, ಡಗ್ಗಾ, ತಾಳ, ದಮ್ಮಡಿಗಳೊಡನೆ ಗುಡಿಯ ಕಟ್ಟೆಯಲ್ಲಿ ಕುಳಿತು, ಒಬ್ಬನು ಎತ್ತಿದ ಪಲ್ಲವಿಯನ್ನು ಹತ್ತಾರು ಕಂಠಗಳು ಒಮ್ಮೆಗೇ ಹಿಡಿಯುವುದನ್ನು ಕೇಳಿದವನಿಗೆ ಆ ಸಂದೇಹ ಉಳಿಯದು. ಕಡೆಯ ನುಡಿಯಲ್ಲಿ ಶಿಶುನಾಳಧೀಶನ ಅಂಕಿತ ಬರುತ್ತಲೇ ಕರ್ತೃವಿನ ಗುರುತು ದೊರೆಯುತ್ತದೆ.

ಆ ಕರ್ತೃ ಶಿಶುನಾಳ ಶರೀಫರು. ಅವರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ. ಕಾಯ ಬಿಟ್ಟದ್ದು 1889ರಲ್ಲಿ. ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಮಾಸ್ತರಿಕೆ ಮಾಡಿದರು. ಎಳೆಯರಿಂದ ಒಕ್ಕೊರಲಲ್ಲಿ ಮಗ್ಗಿ ಹೇಳಿಸಿದವನಿಗೆ, ಗುಂಪಿನ ನಾಲಗೆಯ ಮೇಲೆ ಯಾವ ಮಾತು ನಿಲ್ಲುವುದು, ಯಾವುದು ಜಾರುವುದು ಎಂಬ ಮರ್ಮ ತಿಳಿದಿರಲೇಬೇಕೆಂಬುದು ನನ್ನ ಊಹೆ. ಕಳಸದ ಗೋವಿಂದ ಭಟ್ಟರು ಈ ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದರೆಂಬ ಕಥೆ ಜನಜನಿತವಾಗಿದೆ. ಶಿಷ್ಯನೂ ಆ ಜನಿವಾರವನ್ನೇ ಪದವಾಗಿಸಿದನು. ಹುಬ್ಬಳ್ಳಿಯ ಸಿದ್ಧಾರೂಢರೂ ನವಲಗುಂದದ ನಾಗಲಿಂಗಸ್ವಾಮಿಗಳೂ ಅವರ ಸಮಕಾಲೀನರು.

ಅವರ ರಚನಾಕೌಶಲವಿರುವುದು ಪಲ್ಲವಿಯಲ್ಲಿ. ಸೋರುವ ಮಾಳಿಗೆ, ಕೋತಿಯನ್ನು ನುಂಗಿದ ಕೋಳಿ, ನುಡಿಸಲರಿಯದವನ ಕೈಯ ತಂಬೂರಿ, ಹೊಸದಾಗಿ ಬಂದ ಗಿರಣಿ, ಇಂಥ ಕಣ್ಣೆದುರಿನ ಅಥವಾ ನಗೆ ತರಿಸುವ ಪ್ರತಿಮೆಯೊಂದನ್ನು ಮೊದಲ ಸಾಲಿನಲ್ಲಿಟ್ಟು ಅದನ್ನು ಹಿಮ್ಮೇಳಕ್ಕೆ ಒಪ್ಪಿಸಿಬಿಡುವರು. ಮೊದಲ ಸಲ ಮೇಳವು ಅದನ್ನು ಹಾಡಿದಾಗ ಅದು ಬರಿಯ ಮನೆಯ ಮಾತು. ಒಂದು ನುಡಿ ಕಳೆದು ಮತ್ತೆ ಹಾಡಿದಾಗ ಅದೇ ಮಾತು ದೇಹದ ಮಾತಾಗುತ್ತದೆ. ಮೂರನೆಯ ಸಲಕ್ಕೆ, ಶಬ್ದವೊಂದೂ ಬದಲಾಗದೆ, ಹಾಡುವವರ ಮೈಯೇ ಜುಮ್ಮೆನ್ನುವಂತೆ ಅದರ ಅರ್ಥ ತೆರೆದುಕೊಳ್ಳುತ್ತದೆ. ಒಬ್ಬನೇ ಕುಳಿತು ಓದಿದರೆ ಒಗಟಿನಂತೆ ತೋರುವ ಪದವು ಹತ್ತು ಜನ ಕೂಡಿ ಹಾಡಿದಲ್ಲಿ ತಾನಾಗಿ ಬಿಡಿಸಿಕೊಳ್ಳುವುದು.

ಮೊಹರಮ್ಮಿನ ಹೆಜ್ಜೆಮೇಳಗಳಿಗಾಗಿ ಅವರು ರಚಿಸಿದ ರಿವಾಯತ ಪದಗಳನ್ನು ಮಾತ್ರ ನಾವು ಸಾಕಷ್ಟು ಗಮನಿಸಿಲ್ಲ. ಕರ್ಬಲಾದ ಶೋಕವನ್ನು ಅಚ್ಚ ಉತ್ತರ ಕರ್ನಾಟಕದ ಕನ್ನಡದಲ್ಲಿ, ಹೆಜ್ಜೆಯ ಗತಿಗೆ ಹೊಂದುವಂತೆ ನುಡಿಸುವ ಈ ಪದಪರಂಪರೆಯನ್ನು, ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳಲ್ಲಿಯೂ ಜನ ಉಳಿಸಿಕೊಂಡಿದ್ದಾರೆ.

ಸಿ. ಅಶ್ವತ್ಥರ ರಾಗಸಂಯೋಜನೆಯಿಂದಲೂ, 1990ರಲ್ಲಿ ತೆರೆಕಂಡ ನಾಗಾಭರಣರ ಚಲನಚಿತ್ರದಿಂದಲೂ ಶರೀಫರು ನಾಡೆಲ್ಲಕ್ಕೆ ಪರಿಚಿತರಾದರು. ಅಶ್ವತ್ಥರ ಕಂಠದ ಆವೇಗಕ್ಕೆ ನಾನೂ ಮಾರುಹೋದವನೇ. ಆದರೂ ಧ್ವನಿಮುದ್ರಿಕೆಯಲ್ಲಿ ಹಾಡುಗಾರನು ಮುಂದಾಗಿ ಮೇಳವು ಹಿಂದೆ ಸರಿಯಿತು. ಈಗ ಭಜನಾಮೇಳದ ತರುಣರು ಆ ಧಾಟಿಯಲ್ಲಿಯೇ ಪದವನ್ನೆತ್ತುವರು. ಆದರೆ ಎರಡನೆಯ ನುಡಿಯ ಹೊತ್ತಿಗೆ, ಮೂಲೆಯಲ್ಲಿ ತಾಳ ಹಿಡಿದ ಮುದುಕನೊಬ್ಬನು ಲಯವನ್ನು ತುಸು ನಿಧಾನಿಸಿ, "ತಮ್ಮಾ, ಅವಸರ ಮಾಡಬ್ಯಾಡ, ನಾವೂ ಹಾಡವರದೀವಿ" ಎನ್ನುವನು. ಪಲ್ಲವಿ ಮತ್ತೆ ಎಲ್ಲರ ಕೊರಳಿಗೆ ಮರಳುತ್ತದೆ.