ಕೊನೆಯ ಶತ್ರುವಿಗೇಕೆ ಅಷ್ಟು ವೇಗ?

ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡುವವನೆದುರು ಬಲೂನು ಸುಮ್ಮನೆ ನಿಂತಿರುತ್ತದೆ. ವಿಡಿಯೊ ಗೇಮಿನಲ್ಲಿ ಗುರಿಯೇ ಓಡುತ್ತದೆ. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ 55 ಅನ್ಯಗ್ರಹ ಜೀವಿಗಳು ಸಾಲುಗಟ್ಟಿ ಇಳಿಯುತ್ತವೆ. ಒಂದೊಂದಾಗಿ ಉರುಳಿದಂತೆ ಉಳಿದವುಗಳ ವೇಗ ಹೆಚ್ಚುತ್ತದೆ. ಇದು ಮೊದಲೇ ಹೂಡಿದ ತಂತ್ರವಲ್ಲ. ಅಷ್ಟೂ ಚಿತ್ರಗಳನ್ನು ಬೇಗ ಸರಿಸುವ ಶಕ್ತಿ ಅಂದಿನ ಯಂತ್ರಕ್ಕಿರಲಿಲ್ಲ. ಸಂಖ್ಯೆ ಇಳಿದಾಗ ಹೊರೆ ತಗ್ಗಿ ಓಟ ಚುರುಕಾಗುತ್ತಿತ್ತು. ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿಕೊಂಡರು.

2008ರಲ್ಲಿ ಈ ಆಟ ‘ಸ್ಪೇಸ್ ಇನ್ವೇಡರ್ಸ್ ಎಕ್ಸ್‌ಟ್ರೀಮ್’ ಎಂಬ ಹೆಸರಿನಲ್ಲಿ, ಅಂಗೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್, ಪಿಎಸ್‌ಪಿ ಯಂತ್ರಗಳಿಗೆ ಬಂತು. ಹಿನ್ನೆಲೆ ವರ್ಣಮಯವಾಯಿತು, ಗುಂಡಿನ ಸದ್ದು ಸಂಗೀತದ ತಾಳಕ್ಕೆ ಕೂಡಿತು. ಹಳೆಯ ಆಟಕ್ಕೆ ಮರುಜೀವ ಬಂತೆಂದು ಹಲವು ಆಟಗಾರರು ಮೆಚ್ಚಿದರು. ಬಣ್ಣದ ಅಬ್ಬರದಲ್ಲಿ ಶತ್ರುವಿನ ಗುಂಡೇ ಕಾಣದೆಂಬುದು ಕೆಲವರ ದೂರು. ದೂರಿನಲ್ಲಿ ಹುರುಳಿದೆ: ಸೋತವನಿಗೆ ತಾನು ಎಡವಿದ್ದೆಲ್ಲಿ ಎಂದು ತಿಳಿದರೆ ತಾನೇ ಮತ್ತೊಮ್ಮೆ ಆಡುವ ಆಸೆ ಹುಟ್ಟುವುದು!